ಸೂರತ್ತಿನಿಂದ ಬಂದ ಬಡಗಿ: ಲವಜಿ ನಸರವಾನಜಿಯ ಜೀವಿತವೂ ಅದರ ಆಧಾರಗಳೂ

೧

ಮುಂಬಯಿಯ ಇತಿಹಾಸವನ್ನು ಬರೆದವರು ಅದರ ಗವರ್ನರುಗಳನ್ನೂ ಕೋಟೆಯನ್ನೂ ವರ್ತಕರ ಐಶ್ವರ್ಯವನ್ನೂ ವಿಸ್ತಾರವಾಗಿ ವರ್ಣಿಸಿರುವರು. ಆ ವರ್ತಕರ ಸರಕನ್ನು ಹೊತ್ತ ಹಡಗುಗಳನ್ನು ಕಟ್ಟಿದವರ ವಿಷಯಕ್ಕೆ ಅಷ್ಟು ಸ್ಥಳ ದೊರೆತಿಲ್ಲ. ಆದರೆ ಈ ಮಾತಿಗೆ ದೊಡ್ಡದೊಂದು ಅಪವಾದವುಂಟು. ೧೭೩೬ರಲ್ಲಿ ಸೂರತ್ತಿನಿಂದ ಹತ್ತು ಮಂದಿ ಬಡಗಿಗಳೊಡನೆ ಮುಂಬಯಿಗೆ ಬಂದ ಲವಜಿ ನಸರವಾನಜಿ ಎಂಬ ಪಾರಸಿಯ ಹೆಸರು, ಅವನು ತೀರಿಕೊಂಡು ಎರಡೂವರೆ ಶತಮಾನಗಳು ಕಳೆದ ಮೇಲೂ ಉಳಿದುಬಂದಿದೆ. ವಾಡಿಯಾ ಮನೆತನದ ಮೂಲಪುರುಷನೆಂದು ಅವನು ಪ್ರಸಿದ್ಧನು. ಅವನ ತರುವಾಯ ಸುಮಾರು ಒಂದೂವರೆ ಶತಮಾನದವರೆಗೆ ಮುಂಬಯಿಯ ಹಡಗುಕಟ್ಟೆಯ ಮುಖ್ಯ ನಿರ್ಮಾಪಕನ ಸ್ಥಾನವು ಅವನ ಸಂತತಿಯವರಲ್ಲಿಯೇ ನೆಲೆಸಿತ್ತು.

ಇಂಥವನ ಜೀವನವನ್ನು ತಿಳಿಯಲು ಆಧಾರಗಳಾವುವು? ಅವನು ರಾಜನಲ್ಲ, ಸೇನಾನಿಯಲ್ಲ, ಗ್ರಂಥಕರ್ತನಲ್ಲ. ಮರ ಕೊಯ್ದು ಹಲಗೆ ಜೋಡಿಸಿ ಜೀವಿಸಿದವನು. ಅವನ ಕುರಿತು ಪ್ರಚಲಿತವಾಗಿರುವ ಮಾತುಗಳಲ್ಲಿ ಯಾವುದು ಸಮಕಾಲೀನ ದಾಖಲೆಯ ಬಲವುಳ್ಳದ್ದು, ಯಾವುದು ವಂಶಾಭಿಮಾನದಿಂದ ಬೆಳೆದದ್ದು ಎಂಬುದನ್ನು ವಿಂಗಡಿಸುವುದು ಸ್ವಾರಸ್ಯವಾದ ಕೆಲಸ. ಊರು ಬಿಟ್ಟು ಬಂದು ಪರಸ್ಥಳದಲ್ಲಿ ನೆಲೆಸಿದ ಯಾವ ಜನಾಂಗದವರಿಗಾದರೂ ಈ ವಿಂಗಡಣೆಯ ರೀತಿಯು ಉಪಯುಕ್ತವಾದೀತು.

೨

ಯೂರೋಪಿನ ಬಡಗಿಯೊಬ್ಬನ ವಂಶವನ್ನು ಹುಡುಕಹೊರಟವನಿಗೆ ಮೊದಲು ಒದಗುವ ಸಾಮಗ್ರಿ ಇಗರ್ಜಿಯ ದಫ್ತರ. ಅಲ್ಲಿ ಜ್ಞಾನಸ್ನಾನ, ವಿವಾಹ, ಸಮಾಧಿಗಳ ದಿನಾಂಕಗಳು ಸಾಲಾಗಿ ದೊರೆಯುತ್ತವೆ. ಅದರ ಪಕ್ಕದಲ್ಲಿಯೇ ಗೋರಿಯ ಕಲ್ಲು ಇರುತ್ತದೆ. ಪಾರಸಿಗಳಲ್ಲಿ ಈ ಎರಡೂ ಇಲ್ಲ. ಶವವನ್ನು ದಖ್ಮಕ್ಕೆ ಒಪ್ಪಿಸುವ ಸಂಪ್ರದಾಯದಲ್ಲಿ ಗೋರಿಗೆ ಅವಕಾಶವಿಲ್ಲ. ಅದಕ್ಕೆ ಪ್ರತಿಯಾಗಿ, ಮೃತರ ತಿಥಿಗಳನ್ನು ಬರೆದಿಡುವ ‘ದೀಸಾಪೋಥಿ’ ಎಂಬ ಪುಸ್ತಕಗಳು ಪುರೋಹಿತರ ಮನೆಗಳಲ್ಲಿ ಉಂಟು. ಪ್ರಾರ್ಥನೆಯ ಕಾಲದಲ್ಲಿ ಓದಬೇಕಾದ ಪಿತೃಗಳ ಹೆಸರಿನ ಪಟ್ಟಿಗಳೂ ಉಂಟು. ಇವು ಸತ್ತವನ ಹೆಸರು, ತಂದೆಯ ಹೆಸರು, ತಿಥಿಗಳನ್ನು ತಿಳಿಸಬಲ್ಲವು. ಅವನು ಬದುಕಿದ ರೀತಿಯನ್ನು ತಿಳಿಸಲಾರವು.

ಬದುಕಿನ ಸಂಗತಿಗಾಗಿ ನೋಡಬೇಕಾದದ್ದು ಅವನಿಗೆ ಸಂಬಳ ಕೊಟ್ಟವರ ಕಾಗದಗಳನ್ನು. ಈಸ್ಟ್ ಇಂಡಿಯಾ ಕಂಪನಿಯ ಸೂರತ್ ಕೋಠಿಯವರೂ ಮುಂಬಯಿಯ ಗವರ್ನರ್ ಮತ್ತು ಕೌನ್ಸಿಲಿನವರೂ ತಮ್ಮ ಸಭೆಗಳಲ್ಲಿ ನಡೆದ ಮಾತು, ಕೊಟ್ಟ ಅಪ್ಪಣೆ, ಮಾಡಿದ ವೆಚ್ಚ ಇವೆಲ್ಲವನ್ನೂ ದಿನಚರಿಗಳಲ್ಲಿ ಬರೆದಿಡುತ್ತಿದ್ದರು. ಅವುಗಳ ಸಾರವನ್ನು ಲಂಡನ್ನಿನ ಡೈರೆಕ್ಟರುಗಳ ಮಂಡಲಿಗೆ ಪತ್ರಮುಖೇನ ತಿಳಿಸುತ್ತಿದ್ದರು. ಆದುದರಿಂದ ಒಂದೇ ಸಂಗತಿಗೆ ಹಲವು ವೇಳೆ ಎರಡು ಕಡೆ ಸಾಕ್ಷ್ಯ ದೊರೆಯುತ್ತದೆ. ಮುಂಬಯಿಯ ಪ್ರತಿಗಳು ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿ ನೆಲೆಗೊಂಡ ಸರ್ಕಾರಿ ಪತ್ರಾಗಾರಕ್ಕೂ, ಲಂಡನ್ನಿನ ಪ್ರತಿಗಳು ಬ್ರಿಟಿಷ್ ಲೈಬ್ರರಿಗೂ ಸೇರಿದವು. ಜಾರ್ಜ್ ಫಾರೆಸ್ಟ್ ೧೮೮೭ರಲ್ಲಿ ಇವುಗಳಿಂದ ಆರಿಸಿದ ಭಾಗಗಳನ್ನು ಅಚ್ಚುಹಾಕಿಸಿದನು. ಜೇಮ್ಸ್ ಕ್ಯಾಂಬೆಲ್ಲನು ಮುಂಬಯಿ ನಗರದ ವಿವರಣೆಗಾಗಿ ಸಂಗ್ರಹಿಸಿದ ಸಾಮಗ್ರಿಯು ೧೮೯೩–೯೪ರಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು. ಪಾರಸಿಗಳ ಪಕ್ಷದಿಂದ ಬಮನಜಿ ಬೇರಾಮಜಿ ಪಟೇಲರು ಗುಜರಾತಿಯಲ್ಲಿ ಸಂಕಲಿಸಿದ ‘ಪಾರಸೀ ಪ್ರಕಾಶ’ವಿದೆ, ಅದು ಆ ಜನಾಂಗದ ಸಂಗತಿಗಳನ್ನು ಕಾಲಾನುಕ್ರಮವಾಗಿ ನಿರೂಪಿಸುವ ಬೃಹದ್‌ಗ್ರಂಥ.

ಇಷ್ಟು ಸಾಮಗ್ರಿ ಕೈಗೆ ಬಂದ ಮೇಲೂ ಶೋಧಕನನ್ನು ಎರಡು ತೊಡಕುಗಳು ಕಾಡುತ್ತವೆ. ಮೊದಲನೆಯದು ಹೆಸರಿನದು. ಪಾರಸಿಗಳು ತಮ್ಮ ಹೆಸರಿನ ಮುಂದೆ ತಂದೆಯ ಹೆಸರನ್ನು ಇಟ್ಟುಕೊಳ್ಳುವವರು. ‘ಲವಜಿ ನಸರವಾನಜಿ’ ಎಂದರೆ ನಸರವಾನಜಿಯ ಮಗ ಲವಜಿ. ಅವನ ಮಕ್ಕಳು ಮಾಣಕಜಿ ಲವಜಿ ಮತ್ತು ಬಮನಜಿ ಲವಜಿ; ಮೊಮ್ಮಕ್ಕಳು ಫ್ರಾಮಜಿ ಮಾಣಕಜಿ ಮತ್ತು ಜಂಶೆಟಜಿ ಬಮನಜಿ. ಪ್ರತಿ ತಲೆಮಾರಿಗೂ ಎರಡನೆಯ ಹೆಸರು ಬದಲಾಗುವುದರಿಂದ, ಈ ಪದ್ಧತಿಯನ್ನು ಅರಿಯದವನು ಒಂದೇ ಮನೆತನದವರನ್ನು ನಾಲ್ಕು ಮನೆತನಗಳವರೆಂದು ಎಣಿಸಬಹುದು. ಅರಿತವನಿಗೆ ಅದೇ ಪದ್ಧತಿಯು ವಂಶವೃಕ್ಷದ ಕೊಂಬೆಗಳನ್ನು ತಾನಾಗಿ ತೋರಿಸಿಕೊಡುತ್ತದೆ. ‘ವಾಡಿಯಾ’ ಎಂಬುದು ಗುಜರಾತಿಯಲ್ಲಿ ಹಡಗು ಕಟ್ಟುವವನಿಗೆ ಇರುವ ಹೆಸರು. ವೃತ್ತಿಯ ಹೆಸರೇ ಕಾಲಕ್ರಮದಲ್ಲಿ ಮನೆತನದ ಹೆಸರಾಗಿ ಸ್ಥಿರವಾಯಿತು. ಇಂಗ್ಲಿಷ್ ಗುಮಾಸ್ತರು ಕಿವಿಗೆ ಕೇಳಿದಂತೆ ಬರೆದುಕೊಂಡುದರಿಂದ ಲವಜಿಯು ಕಾಗದಗಳಲ್ಲಿ ಲೌಜೀ ಎಂದೂ ಲೋಜೀ ಎಂದೂ ಬೇರೆ ಬೇರೆ ವೇಷಗಳನ್ನು ತೊಡುತ್ತಾನೆ.

ಎರಡನೆಯ ತೊಡಕು ಕಾಲಗಣನೆಯದು. ೧೭೫೨ರವರೆಗೆ ಇಂಗ್ಲಿಷರ ಶಾಸನಸಮ್ಮತ ವರ್ಷವು ಮಾರ್ಚ್ ೨೫ರಂದು ಆರಂಭವಾಗುತ್ತಿತ್ತು. ಆದುದರಿಂದ ಇಂದಿನ ಲೆಕ್ಕದಲ್ಲಿ ೧೭೩೬ರ ಮಾರ್ಚ್ ಮೊದಲ ವಾರವೆಂದು ಹೇಳುವ ದಿನವನ್ನು ಅಂದಿನ ಬರವಣಿಗೆಗಾರನು ೧೭೩೫ ಎಂದೇ ಬರೆಯುವುದು ಸಹಜ. ಪಾರಸಿಗಳ ಕಡೆಗೆ ಬಂದರೆ, ೧೭೪೫ರಲ್ಲಿ ಸೂರತ್ತಿನಲ್ಲಿ ಕದ್ಮಿ ಪಂಗಡವು ಬೇರೆಯಾದಂದಿನಿಂದ ಅವರ ಎರಡು ಪಂಚಾಂಗಗಳಿಗೆ ಒಂದು ತಿಂಗಳ ಅಂತರ ಬಿದ್ದಿತು. ಈ ಸೂಕ್ಷ್ಮಗಳನ್ನು ಗಮನಿಸದೆ ಒಂದು ಗ್ರಂಥದ ದಿನಾಂಕವನ್ನು ಇನ್ನೊಂದರಿಂದ ಖಂಡಿಸಹೊರಡುವುದು ವ್ಯರ್ಥ ಶ್ರಮ.

೩

ಲವಜಿಯು ೧೭೦೨ರ ಸುಮಾರಿನಲ್ಲಿ ಸೂರತ್ತಿನ ಸಮೀಪದ ಸಿಗನ್‌ಪುರ ಎಂಬ ಹಳ್ಳಿಯಲ್ಲಿ ಹುಟ್ಟಿದನೆಂದು ಮನೆತನದ ಪರಂಪರೆ. ಸೂರತ್ತು ಆಗ ಮೊಗಲ ಸಾಮ್ರಾಜ್ಯದ ಹೆಬ್ಬಾಗಿಲು. ಮೆಕ್ಕೆಗೆ ಹೋಗುವ ಯಾತ್ರಿಕರ ಹಡಗುಗಳೂ ಅರಬ್ಬೀ ಕೊಲ್ಲಿಯ ವ್ಯಾಪಾರದ ಹಡಗುಗಳೂ ತಾಪೀ ನದಿಯ ದಂಡೆಯಲ್ಲಿ ಕಟ್ಟಲ್ಪಡುತ್ತಿದ್ದುವು. ಅಲ್ಲಿಯ ಬಡಗಿಗಳು ಹಲಗೆಗಳ ಅಂಚನ್ನು ಸುಮ್ಮನೆ ಒಂದಕ್ಕೊಂದು ತಾಗಿಸಿ ಮೊಳೆ ಹೊಡೆಯುತ್ತಿರಲಿಲ್ಲ. ಒಂದರ ಅಂಚಿನಲ್ಲಿ ಗಾಡಿ ಕೊರೆದು ಇನ್ನೊಂದರ ಅಂಚನ್ನು ಅದರೊಳಗೆ ಕೂಡಿಸುತ್ತಿದ್ದರು. ಈ ಜೋಡಣೆಯ ಬಿಗುಪನ್ನು ೧೮ನೆಯ ಶತಮಾನದ ಯೂರೋಪಿಯನ್ ಪ್ರವಾಸಿಗಳು ಆಶ್ಚರ್ಯದಿಂದ ವರ್ಣಿಸಿರುವರು. ಲವಜಿ ಕಲಿತದ್ದು ಈ ವಿದ್ಯೆಯನ್ನು.

೧೭೩೫ರಲ್ಲಿ ಮುಂಬಯಿ ಸರ್ಕಾರದವರು ಡಡ್ಲಿ ಎಂಬ ತಮ್ಮ ನೌಕಾ ಅಧಿಕಾರಿಯನ್ನು ಹಡಗೊಂದನ್ನು ಕಟ್ಟಿಸುವುದಕ್ಕಾಗಿ ಸೂರತ್ತಿಗೆ ಕಳುಹಿಸಿದರು. ಗುತ್ತಿಗೆ ಹಿಡಿದವನು ಧನಜಿಭಾಯಿ ಎಂಬ ಹೆಸರಾಂತ ನಿರ್ಮಾಪಕ. ಲವಜಿ ಅವನ ಕೈಕೆಳಗಿನ ಮೇಸ್ತ್ರಿ. ‘ಕ್ವೀನ್’ ಎಂಬ ಆ ಹಡಗಿನ ಕೆಲಸ ನಡೆಯುತ್ತಿದ್ದಾಗ ಮೇಸ್ತ್ರಿಯ ಕೈಚಳಕವನ್ನು ಕಂಡ ಡಡ್ಲಿಯು ಅವನನ್ನು ಮುಂಬಯಿಗೆ ಕರೆದನು. ಲವಜಿಯು ತನ್ನ ಯಜಮಾನನ ಒಪ್ಪಿಗೆಯಿಲ್ಲದೆ ಹೊರಡಲು ನಿರಾಕರಿಸಿದನೆಂದೂ ಒಪ್ಪಿಗೆ ದೊರೆತ ಮೇಲೆಯೇ ಹೊರಟನೆಂದೂ ೧೮೪೦ರಲ್ಲಿ ಕಲ್ಕತ್ತೆಯಲ್ಲಿ ಪ್ರಕಟವಾದ ಜಾನ್ ಫಿಪ್ಸನ ಸಂಗ್ರಹ, ೧೮೭೭ರಲ್ಲಿ ಹೊರಬಂದ ಲೋ ಎಂಬವನ ಭಾರತೀಯ ನೌಕಾದಳದ ಇತಿಹಾಸ ಮೊದಲಾದ ೧೯ನೆಯ ಶತಮಾನದ ಗ್ರಂಥಗಳ ಮೂಲಕ ಹರಡಿದ ವೃತ್ತಾಂತ ಹೇಳುತ್ತದೆ.

ಈ ಕಡೆಯ ಮಾತನ್ನು ಎಚ್ಚರಿಕೆಯಿಂದ ಸ್ವೀಕರಿಸಬೇಕು. ಅದು ನಡೆದ ಸಂಗತಿಗೆ ನೂರು ವರ್ಷ ಈಚೆಗೆ ಬರೆದದ್ದು. ಆ ವೇಳೆಗೆ ವಾಡಿಯಾ ಮನೆತನ ಸಂಪತ್ತಿನಲ್ಲಿಯೂ ಕೀರ್ತಿಯಲ್ಲಿಯೂ ಮೇಲೇರಿತ್ತು. ಮೂಲಪುರುಷನ ಸ್ವಾಮಿನಿಷ್ಠೆಯನ್ನು ಎತ್ತಿ ಹೇಳುವುದು ಅಂಥ ಮನೆತನಕ್ಕೂ, ಅದರ ಸೇವೆ ಪಡೆದ ಸರ್ಕಾರಕ್ಕೂ ಒಪ್ಪುವ ಮಾತು. ಆದರೂ ಅದನ್ನು ಕೇವಲ ಕಟ್ಟುಕಥೆಯೆಂದು ತಳ್ಳಿಬಿಡಲಾಗದು. ಅಂದಿನ ಸೂರತ್ತಿನ ಕೈಕಸುಬಿನಲ್ಲಿ ಮುಂಗಡ ಹಣದ ಪದ್ಧತಿ ಬಲವಾಗಿತ್ತು. ಮುಂಗಡ ಪಡೆದವನು ಕೆಲಸ ಮುಗಿಸದೆ ಬಿಟ್ಟುಹೋಗುವಂತಿರಲಿಲ್ಲ. ಯಜಮಾನನ ಬಿಡುಗಡೆಯನ್ನು ಪಡೆಯುವುದು ನೀತಿಯ ಮಾತಾದಷ್ಟೇ ವ್ಯವಹಾರದ ಮಾತೂ ಆಗಿದ್ದಿರಬೇಕು. ಚರಿತ್ರಕಾರನು ಇಲ್ಲಿ ನಿಷ್ಠೆಯೆಂಬ ಗುಣವನ್ನು ಸ್ಥಾಪಿಸಲಾರನು. ಲವಜಿಯು ಸ್ವತಂತ್ರನಾದ ಕಸುಬಿಗನಾಗಿರದೆ ಕರಾರಿಗೆ ಒಳಪಟ್ಟವನಾಗಿದ್ದನೆಂಬುದನ್ನು ಮಾತ್ರ ಊಹಿಸಬಲ್ಲನು.

ಕರೆದವರಿಗೂ ಬಂದವನಿಗೂ ಕಾರಣಗಳಿದ್ದುವು. ೧೭೩೩ರಲ್ಲಿ ತೇಗ್ ಬಖ್ತ್ ಖಾನನು ಸೂರತ್ತಿನ ಅಧಿಕಾರವನ್ನು ಕೈವಶಮಾಡಿಕೊಂಡ ಮೇಲೆ ಅಲ್ಲಿಯ ಪಕ್ಷೋಪಪಕ್ಷಗಳ ಕಲಹ ತೀವ್ರವಾಗಿ ವ್ಯಾಪಾರಕ್ಕೆ ಧಕ್ಕೆ ಬಂದಿತ್ತು. ಕೊಂಕಣದ ಕರಾವಳಿಯಲ್ಲಿ ಕಾನ್ಹೋಜಿ ಆಂಗ್ರೆ ೧೭೨೯ರಲ್ಲಿ ತೀರಿಕೊಂಡರೂ ಅವನ ಮಕ್ಕಳ ನೌಕಾಬಲ ಮುಂಬಯಿಯ ಹಡಗುಗಳಿಗೆ ಭಯಂಕರವಾಗಿಯೇ ಇತ್ತು. ಪರರ ಊರಿನಲ್ಲಿ, ಪರರ ಅಧೀನದಲ್ಲಿ ಹಡಗು ಕಟ್ಟಿಸುವ ಅವಸ್ಥೆಯಿಂದ ಪಾರಾಗಬೇಕೆಂದು ಗವರ್ನರ್ ಜಾನ್ ಹಾರ್ನನ ಆಡಳಿತದವರಿಗೆ ತೋರಿದುದು ಸ್ವಾಭಾವಿಕ.

೪

ಮುಂಬಯಿಗೆ ಬಂದ ಲವಜಿಗೆ ಹಡಗುಕಟ್ಟೆಗಾಗಿ ಒಂದು ಸ್ಥಳವನ್ನು ಗೊತ್ತುಮಾಡಿ ತೋರಿಸಿದರು. ಅದರ ಒಂದು ಭಾಗದಲ್ಲಿ ನೌಕಾ ಅಧಿಕಾರಿಗಳ ಮನೆಗಳೂ ಖಲಾಸಿಗಳ ಬಿಡಾರಗಳೂ ಇದ್ದುವು. ಮರುವರ್ಷ ಅವನನ್ನು ಮರದ ಸಂಗ್ರಹಕ್ಕಾಗಿ ಉತ್ತರಕ್ಕೆ ಕಳುಹಿಸಿದರು. ಅವನು ಅಲ್ಲಿಯ ಪಾಳೆಯಗಾರರೊಡನೆ ಕರಾರು ಮಾಡಿಕೊಂಡು ಕಾರ್ಯವನ್ನು ಸಾಧಿಸಿದನು. ಈ ಪಯಣದ ಕಾಲವನ್ನು ಗಮನಿಸಬೇಕು. ೧೭೩೭ರಲ್ಲಿ ಮರಾಠರು ಠಾಣೆಯನ್ನು ಹಿಡಿದರು. ೧೭೩೯ರ ಮೇ ತಿಂಗಳಲ್ಲಿ ವಸಯಿಯ ಕೋಟೆ ಪೋರ್ಚುಗೀಸರ ಕೈಬಿಟ್ಟಿತು. ಮುಂಬಯಿಯ ಉತ್ತರದ ಸೀಮೆಯೆಲ್ಲ ಯುದ್ಧಭೂಮಿಯಾಗುತ್ತಿದ್ದಾಗ ಒಬ್ಬ ಬಡಗಿ ತೇಗದ ದಿಮ್ಮಿಗಳಿಗಾಗಿ ಅತ್ತ ಹೋಗಿ ಬಂದನೆಂಬುದು ಸಾಮಾನ್ಯವಾದ ಸಂಗತಿಯಲ್ಲ. ಅವನ ವಿದ್ಯೆ ಉಳಿಬಾಚಿಗಳಿಗೆ ಮುಗಿಯುತ್ತಿರಲಿಲ್ಲ. ಮರವನ್ನು ನಿಂತ ಮರವಾಗಿರುವಾಗಲೇ ಗುರುತಿಸಿ, ಬೆಲೆ ಕಟ್ಟಿ, ಕೊಂಡು ಸಾಗಿಸುವ ಕಲೆಯೂ ಅದರಲ್ಲಿ ಸೇರಿತ್ತು.

ಅಲ್ಲಿಂದ ಹಿಂತಿರುಗಿದ ಮೇಲೆ ಅವನು ಸೂರತ್ತಿನಲ್ಲಿದ್ದ ತನ್ನ ಸಂಸಾರವನ್ನು ಮುಂಬಯಿಗೆ ಕರೆತಂದನು. ಎಲ್ಲ ವೃತ್ತಾಂತಗಳಲ್ಲಿಯೂ ಇದು ಒಂದು ಸಣ್ಣ ವಾಕ್ಯವಾಗಿ ಬಂದುಹೋಗುತ್ತದೆ. ವಲಸೆ ಬಂದವನ ಜೀವನದಲ್ಲಿ ಇದಕ್ಕಿಂತ ಮುಖ್ಯವಾದ ದಿನ ಇನ್ನೊಂದಿಲ್ಲ. ಮೊದಲ ವರ್ಷ ಅವನು ಸೂರತ್ತಿನವನು, ಮುಂಬಯಿಯಲ್ಲಿ ಕೆಲಸಕ್ಕಿದ್ದವನು. ಸಂಸಾರ ಬಂದ ಮೇಲೆ ಮುಂಬಯಿಯವನು. ಕಂಪನಿಯ ಹಡಗು ಕಟ್ಟುವ ಕೆಲಸವು ಸೂರತ್ತಿನಿಂದ ಮುಂಬಯಿಗೆ ಸ್ಥಳಾಂತರವಾದುದನ್ನು ಇತಿಹಾಸಗ್ರಂಥಗಳು ಆ ಕಾಲದಿಂದಲೇ ಎಣಿಸುತ್ತವೆ. ಅವನೊಡನೆ ಬಂದ ಹತ್ತು ಮಂದಿಯ ಸಂಖ್ಯೆಯನ್ನು ಆ ವೃತ್ತಾಂತ ಹೇಳುತ್ತದೆ, ಹೆಸರುಗಳನ್ನು ಹೇಳುವುದಿಲ್ಲ. ಅವರಿಗೂ ಸೂರತ್ತಿನಲ್ಲಿ ಮನೆಗಳಿದ್ದುವು. ಕೀರ್ತಿವಂತನಾದ ಒಬ್ಬ ಪೂರ್ವಜನ ಹಿಂದೆ ಎಷ್ಟು ಮಂದಿ ಮರೆಯಾಗುತ್ತಾರೆಂಬುದಕ್ಕೆ ಈ ‘ಹತ್ತು’ ಎಂಬ ಅಂಕಿಯೇ ಸಾಕ್ಷಿ.

೧೭೫೦ರಲ್ಲಿ ಮುಂಬಯಿಯ ಮೊದಲ ಡ್ರೈ ಡಾಕ್ ಸಿದ್ಧವಾಯಿತು. ಏಷ್ಯಾದಲ್ಲಿಯೇ ಅದು ಮೊದಲನೆಯದೆಂದು ಪ್ರಸಿದ್ಧಿ. ಭರತದ ಕಾಲದಲ್ಲಿ ಹಡಗನ್ನು ಒಳಕ್ಕೆ ತಂದು, ನೀರು ಇಳಿದಾಗ ಬಾಗಿಲು ಮುಚ್ಚಿ, ತಳವನ್ನು ಒಣಗಿಸಿ ರಿಪೇರಿ ಮಾಡುವ ಕಲ್ಲಿನ ಕಟ್ಟೆ ಅದು. ಭರತ ಇಳಿತಗಳ ಅಂತರ ಹೆಚ್ಚಾಗಿರುವ ಮುಂಬಯಿ ಬಂದರಿಗೆ ಇದು ಹೇಳಿ ಮಾಡಿಸಿದಂತಹ ಉಪಾಯ. ೧೭೬೨ರಲ್ಲಿ ಎರಡನೆಯದು ಅದಕ್ಕೆ ಸೇರಿತು. ೧೭೭೫ರಲ್ಲಿ ಮುಂಬಯಿಗೆ ಬಂದ ಏಬ್ರಹಾಂ ಪಾರ್ಸನ್ಸ್ ಎಂಬ ಪ್ರವಾಸಿಯು ಮೂರು ಭಾಗಗಳೂ ಮೂರು ಜೊತೆ ಬಾಗಿಲುಗಳೂ ಉಳ್ಳ ಡಾಕನ್ನು ಕಂಡು, ಅಂಥದು ಯೂರೋಪಿನಲ್ಲಿಯೂ ದುರ್ಲಭವೆಂದು ಬರೆದಿಟ್ಟನು. ಇಲ್ಲಿ ಕಟ್ಟಿದ ಹಡಗುಗಳು ಐವತ್ತು ಅರುವತ್ತು ವರ್ಷ ಬಾಳುವುವೆಂಬುದನ್ನೂ ಅವನು ದಾಖಲಿಸಿದನು.

ಲವಜಿಯ ಸ್ವಭಾವಕ್ಕೆ ಸಾಕ್ಷಿಯಾಗಿ ಉಳಿದಿರುವುದು ಒಂದು ಸಂಬಳದ ಮೊತ್ತ. ೧೭೭೧ರಲ್ಲಿ ಅವನ ಮೊಮ್ಮಕ್ಕಳಾದ ಫ್ರಾಮಜಿ ಮತ್ತು ಜಂಶೆಟಜಿ ತಿಂಗಳಿಗೆ ೧೨ ರೂಪಾಯಿನ ಸಾಮಾನ್ಯ ಬಡಗಿಗಳಾಗಿ ಹಡಗುಕಟ್ಟೆಯಲ್ಲಿ ದುಡಿಯುತ್ತಿದ್ದರು. ಅಜ್ಜನು ಆ ಕಟ್ಟೆಯ ಮುಖ್ಯಸ್ಥ. ಮೊಮ್ಮಕ್ಕಳು ಎಲ್ಲರಂತೆ ಕೂಲಿಯವರು. ವಂಶದ ಕಸುಬನ್ನು ಬುಡದಿಂದ ಕಲಿಯಲೆಂದು ಅವನೇ ಹಾಗೆ ವಿಧಿಸಿದನೆಂದು ಗ್ರಂಥಕರ್ತರು ವಿವರಿಸುವರು. ವಿವರಣೆ ಹೇಗೇ ಇರಲಿ, ೧೨ ರೂಪಾಯಿನ ಲೆಕ್ಕ ಹೊಗಳಿಕೆಗಾಗಿ ಹುಟ್ಟಿದ್ದಲ್ಲ. ಆದುದರಿಂದಲೇ ಅದರ ಮಾತಿಗೆ ತೂಕ ಹೆಚ್ಚು. ೧೭೭೪ರಲ್ಲಿ ಲವಜಿ ತೀರಿಕೊಂಡನು. ಮೂವತ್ತೆಂಟು ವರ್ಷಗಳ ಸೇವೆಯ ತರುವಾಯ ಅವನು ಬಿಟ್ಟುಹೋದದ್ದು ಒಂದು ಮನೆ ಮತ್ತು ಹೆಚ್ಚಲ್ಲದ ಹಣ.

೫

ಸಂಪತ್ತೂ ಕೀರ್ತಿಯೂ ಬಂದದ್ದು ಮೊಮ್ಮಕ್ಕಳ ಕಾಲಕ್ಕೆ. ೧೨ ರೂಪಾಯಿನ ಬಡಗಿಯಾಗಿ ಮೊದಲು ಮಾಡಿದ ಜಂಶೆಟಜಿ ಬಮನಜಿಯು ಬ್ರಿಟಿಷ್ ರಾಜನ ನೌಕಾದಳಕ್ಕಾಗಿ ೧೮೧೦ರಲ್ಲಿ ‘ಮಿಂಡೆನ್’ ಎಂಬ ಯುದ್ಧನೌಕೆಯನ್ನು ನೀರಿಗಿಳಿಸಿದನು. ೧೮೧೩ರಲ್ಲಿ ಅವನು ಕಟ್ಟಿದ ‘ಕಾರ್ನ್‌ವಾಲಿಸ್’ ನೌಕೆಯ ಮೇಲೆಯೇ ೧೮೪೨ರಲ್ಲಿ ಚೀನಾದೊಡನೆ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿಯಾಯಿತು. ೧೮೧೭ರ ಅಕ್ಟೋಬರ್ ೧೨ರಂದು ನೀರಿಗಿಳಿದ ‘ಟ್ರಿಂಕೋಮಲಿ’ಯು ಇಂಗ್ಲೆಂಡಿನ ಹಾರ್ಟ್‌ಲ್‌ಪೂಲ್ ಎಂಬಲ್ಲಿ ಇಂದಿಗೂ ತೇಲುತ್ತಿದೆ. ತನ್ನನ್ನು ಬಣ್ಣದಿಂದ ಹಳಿದವರಿಗೆ ಉತ್ತರವಾಗಿ, ಈ ಹಡಗನ್ನು ಕಟ್ಟಿದವನು ಆ ಹಳಿಯಲ್ಪಟ್ಟ ಕರಿಯನೇ ಎಂದು ಜಂಶೆಟಜಿಯು ಹಡಗೊಂದರ ತಳದ ಮರದಲ್ಲಿ, ಯಾರಿಗೂ ಕಾಣದಂತೆ, ಕೆತ್ತಿದ್ದನೆಂದು ಒಂದು ಕಥೆಯಿದೆ. ಅದನ್ನು ಕಥೆಯೆಂದೇ ಹೇಳಬೇಕು. ಆದರೆ ಅಂಥ ಕಥೆ ಹುಟ್ಟುವುದಕ್ಕೆ ಬೇಕಾದ ಅವಮಾನಗಳು ಆ ಕಾಲದಲ್ಲಿ ಕಡಿಮೆಯಾಗಿರಲಿಲ್ಲ.

ಜಂಶೆಟಜಿ ೧೮೨೧ರಲ್ಲಿ ಮೃತನಾದನು. ಅದೇ ಸಂತತಿಯ ಅರ್ದೇಶರ್ ಕರಸೆಟಜಿಯು ಉಗಿಯಂತ್ರಗಳ ವಿದ್ಯೆಯಲ್ಲಿ ನಿಷ್ಣಾತನಾಗಿ, ೧೮೪೧ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಆಯ್ಕೆಯಾದ ಮೊದಲ ಭಾರತೀಯನಾದನು. ಜಹಾಂಗೀರ್ ನವರೋಜಿ, ಹೀರಜಿಭಾಯಿ ಮೇರವಾನಜಿ ಎಂಬ ಇಬ್ಬರು ತರುಣರು ಇಂಗ್ಲೆಂಡಿನಲ್ಲಿ ನೌಕಾನಿರ್ಮಾಣವನ್ನು ಕಲಿತು, ತಮ್ಮ ಎರಡೂವರೆ ವರ್ಷಗಳ ವಾಸದ ವೃತ್ತಾಂತವನ್ನು ೧೮೪೧ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಅಂದರೆ, ಪರರು ಬರೆದ ಸಂಬಳದ ಲೆಕ್ಕದಲ್ಲಿ ಕಾಣಿಸಿಕೊಂಡ ಮನೆತನವು ನೂರು ವರ್ಷಗಳಲ್ಲಿ ತನ್ನ ಮಾತನ್ನು ತಾನೇ ಬರೆಯುವ ಸ್ಥಿತಿಗೆ ಬಂದಿತು. ೧೯೫೫ರಲ್ಲಿ ಅದೇ ಮನೆತನದ ರತನಜಿ ಅರ್ದೇಶರ್ ವಾಡಿಯಾ ಅವರು ಮುಂಬಯಿ ಹಡಗುಕಟ್ಟೆಯನ್ನೂ ವಾಡಿಯಾ ನಿರ್ಮಾಪಕರನ್ನೂ ಕುರಿತ ದೊಡ್ಡ ಗ್ರಂಥವನ್ನು ಹೊರತಂದರು. ಪೂರ್ವಜನನ್ನು ಹುಡುಕುವ ಕಾರ್ಯವು ಅಲ್ಲಿಗೆ ಒಂದು ಘಟ್ಟವನ್ನು ಮುಟ್ಟಿತು.

೬

ಈ ವೃತ್ತಾಂತದಲ್ಲಿ ಕನ್ನಡನಾಡಿಗೂ ಒಂದು ಪಾಲಿದೆ. ಅದು ಮನುಷ್ಯರ ಹೆಸರಿನಲ್ಲಿಲ್ಲ, ಮರದಲ್ಲಿದೆ. ತೇಗದ ಎಣ್ಣೆಯ ಅಂಶವು ಕಬ್ಬಿಣದ ಮೊಳೆಯನ್ನು ಕಾಪಾಡುತ್ತದೆ. ಯೂರೋಪಿನ ಓಕ್ ಮರದ ಹುಳಿಯು ಅದನ್ನು ತಿನ್ನುತ್ತದೆ. ಮುಂಬಯಿಯ ಹಡಗುಗಳ ದೀರ್ಘಾಯುಷ್ಯದ ರಹಸ್ಯಗಳಲ್ಲಿ ಇದೊಂದು. ಲವಜಿಯ ಕಾಲದಲ್ಲಿ ಮರ ಹೆಚ್ಚಾಗಿ ಉತ್ತರದಿಂದ ಬಂದರೂ, ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದು ಕೆನರಾ ಪ್ರಾಂತ ಕಂಪನಿಯ ವಶವಾದ ಮೇಲೆ ಪಶ್ಚಿಮಘಟ್ಟದ ಕಾಡುಗಳ ಬಾಗಿಲು ತೆರೆಯಿತು. ೧೮೦೬ರಲ್ಲಿ ಕ್ಯಾಪ್ಟನ್ ವ್ಯಾಟ್ಸನ್ನನನ್ನು ಕಾಡುಗಳ ರಕ್ಷಕನನ್ನಾಗಿ ನೇಮಿಸಿ ತೇಗದ ಮೇಲೆ ಸರ್ಕಾರದ ಏಕಸ್ವಾಮ್ಯವನ್ನು ಸ್ಥಾಪಿಸಿದುದೇ ನೌಕಾದಳದ ಮರಕ್ಕಾಗಿ. ಪ್ರಜೆಗಳೂ ವರ್ತಕರೂ ಇದರಿಂದ ತೊಂದರೆಗೀಡಾದುದರಿಂದ ಥಾಮಸ್ ಮನ್ರೋ ಗವರ್ನರಾಗಿದ್ದಾಗ, ೧೮೨೩ರಲ್ಲಿ, ಆ ಹುದ್ದೆ ರದ್ದಾಯಿತು. ೧೮೬೨ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದರಾಸು ಆಧಿಪತ್ಯದಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿತು.

ಇಂಗ್ಲಿಷರ ಬರಹಗಳಲ್ಲಿ ‘ಮಲಬಾರ್’ ಎಂಬ ಮಾತು ಕೆಲವೊಮ್ಮೆ ಪಶ್ಚಿಮ ಕರಾವಳಿಗೆಲ್ಲ ಸಡಿಲವಾಗಿ ಅನ್ವಯಿಸುವುದರಿಂದ, ‘ಮಲಬಾರಿನ ತೇಗ’ವೆಂದು ಬರೆದಲ್ಲೆಲ್ಲ ಇಂದಿನ ಕೇರಳವನ್ನೇ ತಿಳಿಯಬೇಕಾಗಿಲ್ಲ. ಸೂಪಾ, ಹಳಿಯಾಳ, ಯಲ್ಲಾಪುರದ ಕಾಡುಗಳಲ್ಲಿ ಮರ ಕಡಿದವರು, ಎತ್ತುಗಳಿಂದ ಎಳೆಸಿದವರು, ಕಾಳೀನದಿಯಲ್ಲಿ ತೇಲಿಬಿಟ್ಟವರು ಯಾರು? ಸೂಪಾ ಪಟ್ಟಣ ಕಾಳೀನದಿಗೆ ಕಟ್ಟಿದ ಅಣೆಕಟ್ಟಿನ ನೀರಿನಲ್ಲಿ ಮುಳುಗಿದೆ. ಅಲ್ಲಿಯ ಜನರ ಹೆಸರುಗಳಿಗಾಗಿ ಕಂದಾಯದ ಕಡತಗಳನ್ನೂ ಅರಣ್ಯ ಇಲಾಖೆಯ ಹಳೆಯ ವರದಿಗಳನ್ನೂ ಮಗುಚಿ ನೋಡುವ ಕೆಲಸ ಕನ್ನಡಿಗರದೇ ಆಗಿದೆ.

ಮುಂಬಯಿಗೆ ಬಂದು ನೆಲೆಸಿದ ಕನ್ನಡಿಗರ ಚರಿತ್ರೆಗೂ ಇದೇ ಮಾತು ಸಲ್ಲುತ್ತದೆ. ಖಾನಾವಳಿಗಳಲ್ಲಿ ದುಡಿದವರು, ಗಿರಣಿಗಳಲ್ಲಿ ದುಡಿದವರು, ಕಟ್ಟಡಗಳ ಮೇಲೆ ಕಲ್ಲು ಹೊತ್ತವರು ತಮ್ಮ ಚರಿತ್ರೆಯನ್ನು ತಾವೇ ಬರೆದವರಲ್ಲ. ಆದರೆ ಅವರಿಗೆ ಕೂಲಿ ಕೊಟ್ಟವರ ಲೆಕ್ಕದ ಪುಸ್ತಕಗಳು, ರಾತ್ರಿಶಾಲೆಗಳ ಹಾಜರಿ ಪಟ್ಟಿಗಳು, ಬಾಡಿಗೆಯ ರಸೀದಿಗಳು, ಊರಿಗೆ ಕಳುಹಿಸಿದ ಮನಿ ಆರ್ಡರುಗಳ ತುಂಡುಗಳು ಹಲವು ಮನೆಗಳ ಟ್ರಂಕುಗಳಲ್ಲಿ ಇರಬಹುದು. ೧೨ ರೂಪಾಯಿನ ಒಂದು ಲೆಕ್ಕದಿಂದ ಒಂದು ಮನೆತನದ ಶೀಲ ತಿಳಿಯುವುದಾದರೆ, ಈ ಕಾಗದಗಳು ನಿಷ್ಪ್ರಯೋಜಕವೆಂದು ಹೇಳುವಂತಿಲ್ಲ. ಗೆದ್ದಲು ಹತ್ತುವ ಮೊದಲು ಅವುಗಳನ್ನು ಹೊರತೆಗೆದು, ಹೆಸರು ದಿನಾಂಕಗಳನ್ನು ಪಟ್ಟಿಮಾಡಿ, ಒಂದು ಪ್ರತಿಯನ್ನು ಸಾರ್ವಜನಿಕ ಸಂಸ್ಥೆಯಲ್ಲಿ ಇಡುವುದು ಅವಶ್ಯಕ. ಲವಜಿಯೊಡನೆ ಬಂದ ಹತ್ತು ಮಂದಿಗಾದ ಗತಿ ಇವರಿಗೂ ಆಗಬಾರದು.